ಗಾಡಿಗೆ ಹೊಸ ತಲೆ ಕೂರಿಸಿದ ಬೇಸಿಗೆ

ನಿವೃತ್ತ ಎಂಜಿನಿಯರ್ ಒಬ್ಬರು ಮನೆಯಲ್ಲಿದ್ದರೆ ಏನಾದರೊಂದು ಕೆಡುತ್ತಲೇ ಇರುತ್ತದೆ. ತಾನಾಗಿ ಕೆಡದೆ ಹಟ ಹಿಡಿದ ವಸ್ತು, ಅವರು ಒಮ್ಮೆ ಬಿಚ್ಚಿ ನೋಡಿದ ಮೇಲೆ ಕೆಡುತ್ತದೆ. ನಮ್ಮವರು ವಿದ್ಯುತ್ ಇಲಾಖೆಯಲ್ಲಿ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಹಿಮಾಯತ್‌ನಗರದ ನಮ್ಮ ಮನೆಯ ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಕರೆಗಂಟೆ ಎಲ್ಲವೂ ಅವರ ಕೈಯಲ್ಲಿ ಒಂದೊಂದು ಸಲ ಪ್ರಾಣ ಬಿಟ್ಟು ಮತ್ತೆ ಹುಟ್ಟಿ ಬಂದಿವೆ. ಕರೆಗಂಟೆಯಂತೂ ಹೊಸ ಜನ್ಮದಲ್ಲಿ ಯಾರಾದರೂ ಒತ್ತಿದಾಗ ಸುಮ್ಮನಿದ್ದು, ಅವರು ಬೇಸತ್ತು ಹೊರಟುಹೋದ ಮೇಲೆ ಹೊಡೆದುಕೊಳ್ಳುತ್ತಿತ್ತು.

ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡದು ನಮ್ಮ ಕಾರಿನದು. ಅದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ನಮ್ಮತ್ತೆ ಈಗಿಲ್ಲ. ಊರಿನ ಇನ್ನೊಂದು ತುದಿಯ ಮಣಿಕೊಂಡದಲ್ಲಿ ಆ ಕಾರಿನ ದಾರಿ ಕಾಯುತ್ತಿದ್ದ ಅವರ ತಂಗಿಯೂ ಇಲ್ಲ.

ಅತ್ತೆಯ ತಂಗಿಯನ್ನು ನಾವೆಲ್ಲ ಚಿಗವ್ವ ಎನ್ನುತ್ತಿದ್ದೆವು. ಅಕ್ಕತಂಗಿ ಇಬ್ಬರೂ ಕಲಬುರಗಿ ಕಡೆಯಿಂದ ಮದುವೆಯಾಗಿ ತೆಲುಗು ನಾಡಿನ ಈ ಊರಿಗೆ ಬಂದವರು. ಭಾನುವಾರಕ್ಕೊಮ್ಮೆ ಮುಖ ನೋಡದಿದ್ದರೆ ಇಬ್ಬರಿಗೂ ಆ ವಾರ ಕಳೆಯುತ್ತಿರಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಚಿಗವ್ವನಿಗೆ ಕಿವಿ ಮಂದ. ಅವರೇ ಇಲ್ಲಿಗೆ ಬರಲಿ ಎಂದರೆ ಅವರ ಮಗನಿಗೆ ಇದ್ದದ್ದು ಬೈಕು. ಇತ್ತ ಅತ್ತೆಯ ಮೊಣಕಾಲು ಮಡಚುತ್ತಿರಲಿಲ್ಲ. ಮಾವನವರು ಇದ್ದಾಗ ಕೊಂಡ ನಮ್ಮ ಕಾರಿನ ಸೀಟೊಂದೇ ಅವರ ಕಾಲಿಗೆ ಒಪ್ಪುವ ಎತ್ತರದಲ್ಲಿತ್ತು. ಹಾಗಾಗಿ ಕಾರು ನಿಂತರೆ ಅಕ್ಕತಂಗಿಯ ಭೇಟಿಯೂ ನಿಂತಂತೆ. ಅದು ನಿಂತೇಬಿಟ್ಟಿತು.

ಬಿಸಿಲಿನಲ್ಲಿ ವೈಪರ್

ಆ ಭಾನುವಾರ ಬಿಸಿಲು ಎಂದರೆ ಬಿಸಿಲು. ಮಣಿಕೊಂಡಕ್ಕೆ ಹೊರಟಿದ್ದೆವು. ಮೊದಲ ತಿರುವಿನಲ್ಲಿ ನಮ್ಮವರು ಎಡಕ್ಕೆ ಇಂಡಿಕೇಟರ್ ಹಾಕಿದರು. ವೈಪರ್ ಎದ್ದು ಒಣಗಾಜನ್ನು ಕರಕರ ಒರೆಸತೊಡಗಿತು. ವೈಪರ್ ನಿಲ್ಲಿಸಲು ಹೋದರೆ ಒಳಗಿನ ದೀಪ ಹತ್ತಿತು. ದೀಪ ಆರಿಸಿದರೆ ಬಾಗಿಲುಗಳೆಲ್ಲ ಟಕ್ ಎಂದು ಲಾಕ್ ಆದವು. ಸಿಗ್ನಲ್ಲಿನಲ್ಲಿ ಪಕ್ಕ ನಿಂತಿದ್ದ ಆಟೋದವನು ನಮ್ಮ ವೈಪರ್ ನೋಡಿ, ಕತ್ತು ಹೊರಹಾಕಿ ಆಕಾಶ ನೋಡಿ, ಮತ್ತೆ ನಮ್ಮನ್ನು ನೋಡಿದ.

ಟ್ರಾಫಿಕ್ ಪೊಲೀಸಿನವನು ಹತ್ತಿರ ಬಂದ. ಏನೂ ತಪ್ಪಿಲ್ಲ ಎಂದು ವಿವರಿಸಲು ನಮ್ಮವರು ಗಾಜು ಇಳಿಸುವ ಗುಂಡಿ ಒತ್ತಿದರು. ಗಾಜು ಇಳಿಯಿತು, ಜೊತೆಗೆ ಹಾರ್ನು ಅವನ ಹೊಟ್ಟೆಯ ಎದುರೇ ಕಿರುಚಿತು.

"ಕ್ಯಾ ಸಾಬ್, ಮೇರೇಕೋಚ್ ಹಾರ್ನ್ ಮಾರ್‌ರೇ?" ಎಂದ ಅವನು, ನನಗೇ ಹಾರ್ನು ಹೊಡೆಯುತ್ತೀರಾ ಎಂಬಂತೆ.

"ನಾನಲ್ಲಪ್ಪಾ, ಗಾಡೀನಽ ಹೊಡೀತು," ಎಂದು ನಮ್ಮವರು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. ಹಿಂದಿನ ಸೀಟಿನಲ್ಲಿ ಅತ್ತೆ ಇದ್ದದ್ದರಿಂದ ಅವನು ಕೈಮುಗಿದು ಬಿಟ್ಟುಬಿಟ್ಟ. ನಾವು ಮಣಿಕೊಂಡದ ಆಸೆ ಬಿಟ್ಟು, ವೈಪರ್ ಆಡಿಸುತ್ತಲೇ ಮನೆಗೆ ಮರಳಿದೆವು.

ಸಂಜೆಯೊಳಗೆ ನಮ್ಮವರು ರೋಗ ಪತ್ತೆ ಹಚ್ಚಿದರು. ಅತ್ತೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು.

"ಅವ್ವಾ, ಗಾಡ್ಯಾಗ ಒಂದು ಡಬ್ಬಿ ಇರತೈತಿ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತಾರ. ಗಾಡಿ ತಲಿ ಇದ್ದಂಗ ಅದು. ದೀಪ, ಬಾಗಲಾ, ವೈಪರ್, ಹಾರ್ನ್, ಈ ಕಾರಭಾರ ಎಲ್ಲಾ ಅದರದು. ಈಗ ಏನಾಗೈತಿ ಅಂದ್ರ, ನಾವು ಒಂದು ಹೇಳಿದ್ರ ಅದು ಇನ್ನೊಂದು ಮಾಡಾಕತ್ತೈತಿ."

ಅತ್ತೆ ನನ್ನ ಕಡೆ ನೋಡಲಿಲ್ಲ. ಗೋಡೆ ನೋಡಿಕೊಂಡು ಹೇಳಿದರು: "ಇಷ್ಟುದ್ದ ಯಾಕ ಹೇಳತೀ? ಸೊಸಿ ಇದ್ದಂಗ ಅನ್ನು, ತಿಳೀತೈತಿ."

ಬ್ಯಾಂಕಿನ ಪಾಠ

ಸರ್ವಿಸ್ ಸೆಂಟರಿನ ಹುಡುಗರು ಕಾರನ್ನು ಸುತ್ತುಹಾಕಿ ನೋಡಿ, ಹಳೇ ಮಾಡೆಲ್ಲು ಸರ್, ಆ ಡಬ್ಬಿ ತರಿಸಬೇಕು, ಬಂದರೂ ಬರಬಹುದು, ಬರದಿದ್ದರೂ ಇಲ್ಲ, ಅದಕ್ಕಿಂತ ಎಕ್ಸ್‌ಚೇಂಜಿಗೆ ಹಾಕಿಬಿಡಿ ಎಂದರು. ಸತ್ತ ಟ್ರಾನ್ಸ್‌ಫಾರ್ಮರುಗಳನ್ನು ಎಬ್ಬಿಸಿ ಕೂರಿಸಿದ ಮನುಷ್ಯನಿಗೆ ಇಂಥ ಮಾತು ಹೇಳಬಾರದಿತ್ತು. "ಮನಿಯಾಗ ಮಾಡತೀನಿ," ಎಂದು ಎದ್ದು ಬಂದರು. ಬಿಡಿಭಾಗದ ಅಂಗಡಿಯೊಂದರಲ್ಲಿ ಹೊಸ ಡಬ್ಬಿಗೆ ಹೇಳಿಯೂ ಬಂದರು.

ಡಬ್ಬಿ ಬರುವ ತನಕ ಏನು ಮಾಡುವುದು? ಒಂದು ಭಾನುವಾರ ತಪ್ಪಿತು, ಇನ್ನೊಂದೂ ತಪ್ಪಿತು. ಚಿಗವ್ವನ ಸೊಸೆ ಫೋನ್ ಮಾಡಿದಳು. "ಅತ್ತಿ ಮುಂಜಾನಿಂದ ಬಾಲ್ಕನ್ಯಾಗ ಕುಂತಾರ್ರೀ. ದೊಡ್ಡತ್ತಿ ಬರಲಾರದ ಊಟ ಒಲ್ಲೆ ಅಂತಾರ. ಗಾಡಿ ಕೆಟ್ಟೈತಿ ಅಂತ ಕೂಗಿ ಹೇಳಿದ್ರ, ಗಾಡಿ ಕೆಟ್ಟಿಲ್ಲ, ಅಕ್ಕಗ ನಾ ಬ್ಯಾಡಾಗೀನಿ ಅಂತಾರ." ಈ ಮಾತು ಕೇಳಿ ಅತ್ತೆಯ ಕಣ್ಣು ತುಂಬಿತು. ಬಾಡಿಗೆ ಗಾಡಿಯಲ್ಲಿ ತಂಗಿಯ ಮನೆ ಮುಂದೆ ಇಳಿಯುವುದು ಮರ್ಯಾದೆಯಲ್ಲ ಎನ್ನುತ್ತಿದ್ದವರು, ನಡಿ, ಕ್ಯಾಬೇ ತರಿಸು ಎಂದರು.

ನಮ್ಮವರ ಫೋನು ಗಾಡಿ ರಿಪೇರಿಯ ವಿಡಿಯೋಗಳಲ್ಲಿ ಮುಳುಗಿತ್ತು, ನನ್ನದು ಚಾರ್ಜು ಮುಗಿದು ಮಲಗಿತ್ತು. ಅತ್ತೆಯ ಫೋನಿನಿಂದಲೇ ಎತ್ತರದ ಒಂದು ಕ್ಯಾಬ್ ಕರೆಸಿದೆ. ಹರಸಾಹಸದಿಂದ ಅವರನ್ನು ಹತ್ತಿಸಿ, ಫೋನನ್ನು ಅವರ ಕೈಗೆ ಕೊಟ್ಟು, ನನ್ನ ಚೀಲ ತರಲು ಒಳಗೆ ಹೋದೆ. ಮರಳಿ ಬಂದಾಗ ಡ್ರೈವರ್ ಹಿಂದೆ ತಿರುಗಿ ಕೈಮುಗಿದು ಕೂತಿದ್ದ. ಅತ್ತೆ ಫೋನನ್ನು ಸೆರಗಿನೊಳಗೆ ಅಡಗಿಸಿ ಕಿಟಕಿಯ ಕಡೆ ಸರಿದಿದ್ದರು.

"ಅಮ್ಮಾ, ಓಟಿಪಿ ಚೆಪ್ಪಂಡಮ್ಮಾ," ಎಂದು ಅವನು ತೆಲುಗಿನಲ್ಲಿ ನಂಬರಿಗಾಗಿ ಗೋಗರೆಯುತ್ತಿದ್ದ.

"ಆಗಂಗಿಲ್ಲ. ಪೊಲೀಸರು ಬಂದು ಕೇಳಲಿ, ಹೇಳಂಗಿಲ್ಲ."

ನಾನು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತಳಾದವಳು. ಫೋನಿಗೆ ಬಂದ ನಂಬರು ಯಾರಿಗೂ ಹೇಳಬಾರದು ಎಂದು ಅತ್ತೆಗೆ ಊಟದ ಹೊತ್ತಿಗೊಮ್ಮೆ ಪಾಠ ಮಾಡಿದವಳೂ ನಾನೇ. ಈಗ ಮೆತ್ತಗೆ ಹೇಳಿದೆ: "ಅತ್ತಿ, ಇವರಿಗೆ ಹೇಳಬಹುದ್ರಿ. ಇದು ಬ್ಯಾರೆ."

"ಎಲ್ಲಾ ಕಳ್ಳರೂ ಇದು ಬ್ಯಾರೆ ಅಂತಾರ ಅಂತ ನೀನಽ ಹೇಳೀದಿ."

"ಹಂಗಾರ ನನಗ ತೋರಸ್ರಿ, ನಾ ಹೇಳತೀನಿ."

ಅತ್ತೆ ಸೆರಗನ್ನು ಇನ್ನಷ್ಟು ಬಿಗಿ ಮಾಡಿದರು. "ಬ್ಯಾಂಕಿನವರು ಕೇಳಿದ್ರಂತೂ ಹೇಳಽಬಾರದು ಅಂದಿದ್ದಿ. ನೀ ಬ್ಯಾಂಕಿನಾಕಿ ಹೌದಲ್ಲೋ?"

ಕ್ಯಾಬಿನವನು ನಮಸ್ಕಾರ ಹೇಳಿ ಹೋದ. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ ಇನ್ನೊಬ್ಬ ಗಿರಾಕಿಯನ್ನು ನಾನು ಕಂಡಿಲ್ಲ.

ತೊಳೆದಿಟ್ಟ ಸ್ಕ್ರೂಗಳು

ಹೊಸ ಡಬ್ಬಿ ಬರುವ ಮೊದಲು ಹಳೆಯದನ್ನು ತೆಗೆಯಬೇಕು. ಅದು ಇರುವುದು ಸ್ಟೀರಿಂಗಿನ ಕೆಳಗೆ, ಒಳಮೂಲೆಯಲ್ಲಿ. ನಮ್ಮವರು ಬ್ಯಾಟರಿಯ ವೈರು ಬಿಚ್ಚಿದರು. ಆಮೇಲೆ ಸೀಟಿನ ಮೇಲೆ ಕಾಲು, ಪೆಡಲ್ಲಿನ ಹತ್ತಿರ ತಲೆ ಇಟ್ಟು ಉಲ್ಟಾ ಮಲಗಿದರು. ರಸ್ತೆಯಿಂದ ನೋಡಿದರೆ ಬರೀ ಪಾದಗಳು ಕಾಣುತ್ತಿದ್ದವು. ಎದುರುಮನೆಯ ತೆಲುಗು ಮಾಸ್ತರರು ಮಾತಾಡಿಸಲು ಬಂದು, ಆ ಪಾದಗಳಿಗೇ ಕುಶಲ ಕೇಳಿ ಹೋಗುತ್ತಿದ್ದರು.

ನಮ್ಮವರಿಗೆ ಎಲ್ಲದರಲ್ಲೂ ಶಿಸ್ತು. ಅಡುಗೆಮನೆಯ ಸ್ಟೀಲಿನ ವಾಟಗಗಳನ್ನೆಲ್ಲ, ಅಂದರೆ ಸಣ್ಣ ಬಟ್ಟಲುಗಳನ್ನು, ಹೊರಗೆ ತಂದು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಸ್ಟೀರಿಂಗಿನ ಕೆಳಗಿನ ಸ್ಕ್ರೂ ಒಂದು ವಾಟಗದಲ್ಲಿ, ಡ್ಯಾಶ್‌ಬೋರ್ಡಿನದು ಇನ್ನೊಂದರಲ್ಲಿ, ಡಬ್ಬಿಯ ಬೋಲ್ಟು ಮತ್ತೊಂದರಲ್ಲಿ. ಯಾವ ವಾಟಗದ ಪಕ್ಕ ಯಾವುದು ಎಂಬ ಲೆಕ್ಕ ಅವರ ತಲೆಯಲ್ಲಿ. "ಸಾಲು ಕೆಡಸಬ್ಯಾಡ್ರಿ," ಎಂದು ಎಲ್ಲರಿಗೂ ಹೇಳಿ ಊಟಕ್ಕೆ ಕೂತರು. ಎಲ್ಲರಿಗೂ ಎಂದರೆ ಅತ್ತೆಗೂ ನನಗೂ. ಪಾತ್ರೆ ತಿಕ್ಕುವ ಹೆಣ್ಣುಮಗಳು ಇನ್ನೂ ಬಂದಿರಲಿಲ್ಲ.

ಆಕೆ ಯಾದಗಿರಿ ಕಡೆಯವಳು. ಗಂಡ ಇಲ್ಲೇ ಕಟ್ಟಡದ ಕೆಲಸದಲ್ಲಿದ್ದ. ಕೆಲಸಕ್ಕೆ ಬಂದಳೆಂದರೆ ಮನೆಯಲ್ಲಿ ಬಳಸಿದ ಒಂದು ಚಮಚವೂ ಅವಳ ಕಣ್ಣು ತಪ್ಪಿಸಿಕೊಳ್ಳುವಂತಿಲ್ಲ. ನಾವು ಊಟ ಮುಗಿಸಿ ಹೊರಗೆ ಬಂದಾಗ ಜಗಲಿ ಖಾಲಿ. ವಾಟಗಗಳು ಬೋರಲಾಗಿ ಒಣಗುತ್ತಿದ್ದವು. ಸ್ಕ್ರೂ, ಬೋಲ್ಟು, ಕ್ಲಿಪ್ಪು ಎಲ್ಲವೂ ಒಂದೇ ಜರಡಿಯಲ್ಲಿ ನೀರು ಬಸಿಯುತ್ತ ಬಿಸಿಲಿಗೆ ಮಿನುಗುತ್ತಿದ್ದವು.

"ಭಾಳ ಎಣ್ಣಿಜಿಡ್ಡ ಹಿಡದಿದ್ವರೀ ಸಾಹೇಬರ," ಎಂದಳು ಸೆರಗಿಗೆ ಕೈ ಒರೆಸುತ್ತ. "ಸೋಪಿಗಿ ಹೋಗಲಿಲ್ರಿ. ಹುಣಸಿಹಣ್ಣ ಹಚ್ಚಿ ತಿಕ್ಕೀನಿ."

ನಮ್ಮವರ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಬಾಯಿ ತೆರೆದರು. ನಾನು ಹಿಂದಿನಿಂದ ಅಂಗಿ ಜಗ್ಗಿದೆ. ಆಕೆ ಕೆಲಸ ಬಿಟ್ಟರೆ ಪಾತ್ರೆ ಯಾರು ತಿಕ್ಕಬೇಕೆಂಬುದು ಅವರಿಗೂ ನೆನಪಾಯಿತು.

"ಭಾಳ ಛಲೋ ಆಗ್ಯಾವ ನೋಡವಾ," ಎಂದರು ಕಷ್ಟಪಟ್ಟು.

"ಹೌದಲ್ರೀ ಮತ್ತ? ಇನ್ನ ಏನರ ಬಿಚ್ಚೋದಿದ್ರ ನಾಳಿ ಲಗೂ ಬಿಚ್ಚಿಡ್ರಿ. ನಾ ನಾಡದು ಊರಿಗಿ ಹೋಗಾಕಿ."

ಹೊಸ ತಲೆಗೆ ಕುಂಕುಮ

ಮೂರನೆಯ ಭಾನುವಾರದ ಹೊತ್ತಿಗೆ ಹೊಸ ಡಬ್ಬಿ ಬಂತು. ಕರಿಯದು, ಅಂಗೈ ಅಗಲದ್ದು. ಒಂದು ಮಗ್ಗುಲಲ್ಲಿ ವೈರಿನ ಪ್ಲಗ್ಗು ಸಿಕ್ಕಿಸಲು ಹಲವು ಬಾಯಿ, ಪ್ರತಿ ಬಾಯಿಯ ಒಳಗೂ ಬಂಗಾರದ ಬಣ್ಣದ ಸೂಜಿಗಳ ಸಾಲು. ನಮ್ಮವರು ಅದನ್ನು ನವಜಾತ ಶಿಶುವಿನಂತೆ ಊಟದ ಮೇಜಿನ ಮೇಲೆ ಮಲಗಿಸಿ, ಸ್ನಾನ ಮುಗಿಸಿಕೊಂಡು ಬಂದು ಕೂರಿಸುತ್ತೇನೆ ಎಂದು ಹೋದರು.

ನಮ್ಮ ಮನೆಗೆ ಬಂದ ಯಾವ ಹೊಸ ವಸ್ತುವೂ ಕುಂಕುಮವಿಲ್ಲದೆ ಬಳಕೆಗೆ ಬಂದದ್ದಿಲ್ಲ. ಪ್ರೆಶರ್ ಕುಕ್ಕರ್, ಫ್ರಿಜ್ಜು, ನನ್ನ ಲ್ಯಾಪ್‌ಟಾಪು, ಎಲ್ಲಕ್ಕೂ ಅತ್ತೆ ಹಚ್ಚಿದವರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅರಿಸಿನ, ಕುಂಕುಮ, ಅಕ್ಷತೆ, ಒಂದು ಮಲ್ಲಿಗೆ ಹೂವು ಎಲ್ಲ ಸಾಂಗವಾಗಿ ನಡೆದಿತ್ತು. ಮೇಲೆ ಮಾತ್ರ ಹಚ್ಚಿದ್ದರೆ ಒರೆಸಿಬಿಡಬಹುದಿತ್ತು. ಅತ್ತೆ ನೀರಿನಲ್ಲಿ ಕಲಸಿದ ಕುಂಕುಮವನ್ನು ಊದುಬತ್ತಿಯ ಕಡ್ಡಿಯಿಂದ ಪ್ರತಿ ಬಾಯಿಯ ಒಳಗೂ ಮುಟ್ಟಿಸಿದ್ದರು.

ನಮ್ಮವರು ಪಂಚೆಯಲ್ಲಿ ಬಂದು ನೋಡಿ ಗೋಡೆ ಹಿಡಿದುಕೊಂಡರು. "ಅವ್ವಾ! ಇದರೊಳಗ ನೀರ ಹನಿ ಬಿದ್ರ ಸತ್ತಂಗ!"

"ಸಾಯಂಗಿಲ್ಲ. ಮಳಿಗಾಲದಾಗ ಗಾಡಿ ಹೊರಗಽ ನಿಂದ್ರತಿತ್ತು, ಆಗ ಛತ್ರಿ ಹಿಡದಿದ್ದೇನು ಅದಕ್ಕ?"

ಆಮೇಲಿನ ಕೆಲಸ ನೆನೆದರೆ ಈಗಲೂ ಬೆನ್ನು ನೋಯುತ್ತದೆ. ಹೊಸ ಟೂತ್‌ಬ್ರಶ್ಶು, ಸ್ಪಿರಿಟ್ಟು, ನನ್ನ ಕೂದಲು ಒಣಗಿಸುವ ಡ್ರೈಯರ್. ಅವರು ತಿಕ್ಕುವುದು, ನಾನು ಗಾಳಿ ಹಾಕುವುದು. ಅರ್ಧದಲ್ಲಿ ಅವರಿಗೆ ಸಿಟ್ಟು ಏರಿತು. ಏನೋ ಕಟುವಾಗಿ ಹೇಳಲು ತಾಯಿಯ ಕಡೆ ತಿರುಗಿದರು. ಅತ್ತೆ ಮಂಚದ ಅಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಮುಖ ಸಣ್ಣದಾಗಿತ್ತು.

"ಬ್ಯಾರೆ ಏನೂ ಬೇಡಿಕೊಂಡಿಲ್ಲೋ," ಎಂದರು. "ಒಮ್ಮೆ ತಂಗೀ ಮುಖಾ ತೋರಸು ಅಂತ ಕೈಮುಗದೆ. ಆಕಿಗೂ ವಯಸ್ಸಾತು, ನನಗೂ ಆತು. ಹಿಂಗ ವಾರಗಟ್ಟಲೆ ಬಿಟ್ರ ಹೆಂಗ?"

ನಮ್ಮವರ ಸಿಟ್ಟು ಇಳಿಯಿತು. ಡಬ್ಬಿಯ ಮೇಲ್ಭಾಗದಲ್ಲಿ ಇದ್ದ ಒಂದು ಕುಂಕುಮದ ಬೊಟ್ಟನ್ನು ಅವರು ಒರೆಸದೆ ಹಾಗೆಯೇ ಬಿಟ್ಟು, ಕಾರಿನೊಳಗೆ ಕೂರಿಸಿದರು. ಪ್ಲಗ್ಗುಗಳೆಲ್ಲ ಕೂತವು, ಹೊಳೆಯುವ ಸ್ಕ್ರೂಗಳೂ ಹೇಗೋ ಕೂತವು. ಬ್ಯಾಟರಿಯ ವೈರು ಹಾಕಿದಾಗ ಡಬ್ಬಿಯಲ್ಲಿ ಜೀವ ಇತ್ತು. ಅತ್ತೆಗೆ ಮತ್ತೆ ದನಿ ಬಂತು.

"ನೋಡಿದ್ಯಾ? ಹಳೇ ಡಬ್ಬಿಗೆ ಯಾರೂ ಕುಂಕುಮಾ ಹಚ್ಚಿರಲಿಲ್ಲ. ಅದಕ್ಕಽ ಕೆಟ್ಟಿತ್ತು ಅದು."

ಬಾಗಿಲು ತೆಗೆಯಬೇಡಿ

ಡಬ್ಬಿ ಕೂರಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ, ಅದಕ್ಕೆ ಪಾಠ ಹೇಳಬೇಕು ಎಂದರು ನಮ್ಮವರು. ಇದು ಯಾವ ಗಾಡಿ, ಇದರ ಕೀಲಿ ಯಾವುದು, ಬಾಗಿಲು ಯಾವಾಗ ಲಾಕ್ ಆಗಬೇಕು, ಎಲ್ಲವನ್ನೂ ಲ್ಯಾಪ್‌ಟಾಪಿನಿಂದ ಒಂದು ವೈರಿನ ಮೂಲಕ ಅದರ ತಲೆಗೆ ತುಂಬಬೇಕು. ಪಾಠ ನಡೆಯುವಾಗ ಕೀಲಿ ಆನ್ ಇರಬೇಕು, ಎಲ್ಲ ಬಾಗಿಲೂ ಮುಚ್ಚಿರಬೇಕು. ನಡುವೆ ಯಾರಾದರೂ ಬಾಗಿಲು ತೆಗೆದರೆ ಪಾಠ ಕೆಡುತ್ತದೆ, ಮತ್ತೆ ಮೊದಲಿನಿಂದ ಹಚ್ಚಬೇಕು. ಇಷ್ಟು ಹೇಳಿ ಅವರು ಒಳಗೆ ಕೂತು ಬಾಗಿಲು ಎಳೆದುಕೊಂಡರು. ಗಾಜು ಇಳಿಸಿಕೊಳ್ಳಲು ಮರೆತಿದ್ದು ಪಾಠ ಶುರುವಾದ ಮೇಲೆ ನೆನಪಾಯಿತು. ಅಷ್ಟರಲ್ಲಿ ಯಾವ ಗುಂಡಿಯನ್ನೂ ಮುಟ್ಟುವಂತಿರಲಿಲ್ಲ.

ನಡುಮಧ್ಯಾಹ್ನ. ಗಾಜು ಮುಚ್ಚಿದ ಕಾರಿನಲ್ಲಿ ಬೆವರು ಸುರಿಸುತ್ತ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ವಯಸ್ಸಾದ ಮನುಷ್ಯನನ್ನು ಕಂಡರೆ ನಮ್ಮ ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಆಂಟಿ ನನ್ನನ್ನು ಮೂಲೆಗೆ ಕರೆದು, "ಜಗಳವಾಯಿತಾ? ಮನೆಯೊಳಗೆ ಬಿಟ್ಟುಕೊಳ್ಳಿ ಪಾಪ," ಎಂದು ತೆಲುಗಿನಲ್ಲಿ ಬುದ್ಧಿ ಹೇಳಿದರು. ಪಕ್ಕದ ಕಟ್ಟಡದ ವಾಚ್‌ಮನ್ನನಿಗೆ ಸಾಹೇಬರು ಒಳಗೆ ಸಿಕ್ಕಿಬಿದ್ದಿದ್ದಾರೆಂದು ಖಾತ್ರಿಯಾಗಿ ಇಟ್ಟಿಗೆ ತಂದ. ಬೇಡ ಬೇಡವೆಂದು ನಮ್ಮವರು ಒಳಗಿನಿಂದ ಎರಡೂ ಕೈ ಬೀಸಿದರು. ಬೇಗ ಗಾಜು ಒಡೆ ಎನ್ನುತ್ತಿದ್ದಾರೆಂದು ತಿಳಿದು ಅವನು ಇಟ್ಟಿಗೆ ಎತ್ತಿದ. ನಾನು ಓಡಿಹೋಗಿ ಅವನ ಕೈಗೆ ಜೋತುಬಿದ್ದೆ.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು ಬಂದರು. ಮಗ ಕೆಲಸ ಮಾಡುವಾಗ ಚಹಾ ಕೊಡದಿದ್ದರೆ ಅವರಿಗೆ ಜೀವ ನಿಲ್ಲುವುದಿಲ್ಲ. "ಬಾಗಲಾ ತೆಗೀಬ್ಯಾಡ್ರಿ ಅತ್ತಿ," ಎಂದೆ. "ತೆಗ್ಯಂಗಿಲ್ಲ, ಚಹಾ ಅಷ್ಟ ಕೊಡತೀನಿ," ಎಂದು ಹಿಡಿಕೆಗೆ ಕೈ ಹಾಕಿದರು. ಕಪ್ಪು ನಾನು ಇಸಿದುಕೊಂಡೆ. ಆ ಚಹಾ ವಾಚ್‌ಮನ್ ಕುಡಿದ.

ಇದನ್ನೆಲ್ಲ ಒಳಗಿನಿಂದ ನೋಡುತ್ತಿದ್ದ ನಮ್ಮವರು ಒಂದು ಉಪಾಯ ಮಾಡಿದರು. ಕಾಗದದ ಮೇಲೆ ದಪ್ಪಕ್ಷರದಲ್ಲಿ ಬಾಗಿಲು ತೆಗೆಯಬೇಡಿ ಎಂದು ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ಬರೆದು ಗಾಜಿಗೆ ಹಿಡಿದರು. ಆಗಲೇ ಎದುರುಮನೆಯ ಮಾಸ್ತರರು ಬಂದದ್ದು. ಕನ್ನಡಕ ಸರಿಮಾಡಿಕೊಂಡು ತೆಲುಗಿನದನ್ನು ಪೂರ್ತಿ ಓದಿದರು. ಅಕ್ಷರ ದುಂಡಗಿದೆ ಎಂದು ತಲೆದೂಗಿದರು. ಹಿಂದಿಯದನ್ನೂ ಓದಿ ನೋಡಿದರು. ಆಮೇಲೆ ನಾನು ಹತ್ತಿರ ಓಡಿಬರುವಷ್ಟರಲ್ಲಿ, ಬಾಗಿಲು ಯಾಕೆ ತೆಗೆಯಬಾರದು ಎಂದು ಕೇಳಲು ಬಾಗಿಲು ತೆಗೆದರು.

ಮಣಿಕೊಂಡದ ಭೇಟಿ

ಪಾಠ ಮತ್ತೆ ಮೊದಲಿನಿಂದ ನಡೆಯಿತು. ಈ ಸಲ ನಾನೇ ಕಸಬರಿಗೆ ಹಿಡಿದು ಕಾರಿನ ಸುತ್ತ ಪಹರೆ ಕೊಟ್ಟೆ. ಕೊನೆಗೆ ದೀಪಗಳು ಮಿನುಗಿದವು. ಎಡಕ್ಕೆ ಹಾಕಿದರೆ ಇಂಡಿಕೇಟರ್ರೇ ಹೊಡೆಯಿತು, ಹಾರ್ನು ಒತ್ತಿದಾಗ ಮಾತ್ರ ಕೂಗಿತು. ಅತ್ತೆ ಒಳಗೆ ಹೋಗಿ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಬಂದರು. ಡಬ್ಬದ ತುಂಬ ಶೇಂಗಾದ ಉಂಡೆ ಕಟ್ಟಿಸಿಕೊಂಡು ಅಂದೇ ಸಂಜೆ ಹೊರಟೆವು.

ಆದರೆ ನಡುವೆ ಕೆಟ್ಟ ಪಾಠದ ಒಂದು ತುಣುಕು ಆ ತಲೆಯಲ್ಲಿ ತಪ್ಪಾಗಿ ಕೂತಿತ್ತು. ಎಂಜಿನ್ ಚಾಲೂ ಇರುವಾಗ ಬಾಗಿಲು ತೆಗೆದು ಮತ್ತೆ ಎಲ್ಲವನ್ನೂ ಮುಚ್ಚಿದರೆ ಗಾಡಿ ತನ್ನಷ್ಟಕ್ಕೆ ಲಾಕ್ ಆಗುತ್ತಿತ್ತು, ಒಳಗಿನ ಲಾಕಿನ ಗುಬ್ಬಿ ಎತ್ತಿದರೂ ಮತ್ತೆ ಕೆಳಗೆ ಹೋಗುತ್ತಿತ್ತು. ನಮ್ಮವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಮಣಿಕೊಂಡ ಮುಟ್ಟಿದ ಮೇಲೆ.

ಕಾರು ನಿಂತಾಗ ಚಿಗವ್ವ ಬಾಲ್ಕನಿಯಲ್ಲೇ ಇದ್ದರು. ನೋಡಿದ್ದೇ ಎದ್ದರು. ಅತ್ತೆಗೆ ಸೆಕೆಯಾಗದಿರಲಿ ಎಂದು ನಮ್ಮವರು ಏಸಿ ನಡೆಸಿಟ್ಟು ಕೆಳಗಿಳಿದರು. ನಾನೂ ಇಳಿದು, ಉಂಡೆಯ ಡಬ್ಬ ತೆಗೆಯಲು ಹಿಂದಿನ ಬಾಗಿಲು ತೆರೆದೆ. ಚಿಗವ್ವ ಮೆಟ್ಟಿಲಿಳಿದು ಬಂದು ಯಾರನ್ನೂ ಮಾತಾಡಿಸದೆ, ಆ ಬಾಗಿಲಿನಿಂದಲೇ ಹತ್ತಿ ಅಕ್ಕನ ಪಕ್ಕ ಕೂತು, ಬಾಗಿಲು 'ಧಡ್' ಎಂದು ಎಳೆದುಕೊಂಡರು. ಅದರ ಹಿಂದೆಯೇ ಇನ್ನೊಂದು ಸದ್ದು ಬಂತು: ಟಕ್.

ಅಷ್ಟೇ. ಕೀಲಿ ಒಳಗೆ, ಅಕ್ಕತಂಗಿ ಒಳಗೆ, ನಾವು ಹೊರಗೆ. ಇನ್ನೊಂದು ಕೀಲಿ ಹಿಮಾಯತ್‌ನಗರದ ಮನೆಯಲ್ಲಿ. ಏಸಿ ನಡೆಯುತ್ತಿದೆ, ಟ್ಯಾಂಕಿಯಲ್ಲಿ ಪೆಟ್ರೋಲ್ ಇದೆ, ಹೆದರಬೇಕಾದ್ದಿಲ್ಲ ಎಂದು ನಮ್ಮವರು ಎಲ್ಲರಿಗೂ ಧೈರ್ಯ ಹೇಳುತ್ತ, ಚಿಗವ್ವನ ಮಗನ ಬೈಕಿನ ಹಿಂದೆ ಕೂತು ಕೀಲಿ ತರಲು ಓಡಿದರು. ನಾನು ಮತ್ತು ಚಿಗವ್ವನ ಸೊಸೆ ಕಾವಲು ನಿಂತೆವು. ಗಾಜು ಇಳಿಸಿರಿ ಎಂದು ನಾನು ಸನ್ನೆ ಮಾಡಿದೆ. ಗುಂಡಿ ಅತ್ತೆಯ ಮೊಣಕೈ ಹತ್ತಿರವೇ ಇತ್ತು. ದಾರಿಯುದ್ದಕ್ಕೂ ಹೂವಿನವಳನ್ನು ಕಂಡರೆ ಅದನ್ನು ಒತ್ತಿ ಗಾಜು ಇಳಿಸುತ್ತಿದ್ದವರು ಅವರೇ. ಅತ್ತೆ ಗುಂಡಿ ನೋಡಿದರು, ನನ್ನನ್ನು ನೋಡಿದರು, ಗುಂಡಿಯ ಮೇಲೆ ಉಂಡೆಯ ಡಬ್ಬ ಇಟ್ಟರು.

ಆಗ ನನಗೆ ಸಂಗತಿ ಹೊಳೆಯಿತು. ಚಿಗವ್ವನಿಗೆ ಕಿವಿ ಕೇಳದ್ದರಿಂದ ಅತ್ತೆ ಏನು ಹೇಳಬೇಕಿದ್ದರೂ ಕೂಗಿ ಹೇಳಬೇಕು. ಆ ಸಣ್ಣ ಮನೆಯಲ್ಲಿ ಒಂದು ಕಡೆ ಆ ಸೊಸೆ, ಇನ್ನೊಂದು ಕಡೆ ನಾನು. ಕೂಗಿ ಹೇಳುವಂಥದ್ದನ್ನಷ್ಟೇ ಪಾಪ ಅವರು ವರ್ಷಗಟ್ಟಲೆ ಮಾತಾಡಿಕೊಂಡು ಬಂದಿದ್ದರು. ಇವತ್ತು ಮುಚ್ಚಿದ ಗಾಜಿನೊಳಗೆ, ತಣ್ಣನೆಯ ಗಾಳಿಯಲ್ಲಿ, ಅತ್ತೆ ಮನಸಾರೆ ಕೂಗುತ್ತಿದ್ದರು. ಚಿಗವ್ವ ಅಕ್ಕನ ಕೈ ಹಿಡಿದುಕೊಂಡು ಕೆನ್ನೆ ತುಂಬ ನಗುತ್ತಿದ್ದರು, ನಡುನಡುವೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಮಗೆ ದನಿ ಕೇಳಿಸುತ್ತಿರಲಿಲ್ಲ, ಕೈ ಕಾಣುತ್ತಿದ್ದವು. ಅತ್ತೆ ಹೆಬ್ಬೆರಳು ತೋರುಬೆರಳು ಕೂಡಿಸಿ ಚಿಟಿಕೆ ತೋರಿಸಿ ಮುಖ ಕಿವುಚಿದರು.

"ಅದು ನಾ ಸಾರಿಗೆ ಹಾಕೋ ಉಪ್ಪು," ಎಂದೆ ನಾನು.

ಚಿಗವ್ವ ಅಂಗೈ ಮೇಲೆ ಅಂಗೈ ಬಡಿದು, ಆಮೇಲೆ ಬೆರಳಿನ ದಪ್ಪ ತೋರಿಸಿದರು.

"ಅದು ನಾ ಬಡಿಯೋ ರೊಟ್ಟಿರೀ ಅಕ್ಕಾ," ಎಂದಳು ಆ ಸೊಸೆ.

ಹೀಗೆ ನಾವಿಬ್ಬರೂ ಸರದಿಯಂತೆ ನಮ್ಮ ನಮ್ಮ ಪಾಲು ಗುರುತಿಸುತ್ತ ನಿಂತೆವು. ಕತ್ತಲಾಗುವ ಮೊದಲು ಬೈಕು ಬಂತು. ನಮ್ಮವರು ಬೆವೆತ ಕೈಯಿಂದ ಕೀಲಿ ತಿರುಗಿಸಿ ಬಾಗಿಲು ತೆಗೆದು, "ಅವ್ವಾ, ಹೆದರಿದ್ಯೇನು?" ಎಂದರು.

"ಇಷ್ಟ ಲಗೂನ ಯಾಕ ಬಂದಿ?" ಎಂದರು ಅತ್ತೆ.

ಆ ವಾರವೆಲ್ಲ ನಮ್ಮವರು ತಲೆ ತಗ್ಗಿಸಿಕೊಂಡು ಓಡಾಡಿದರು. ಮತ್ತೆ ಲ್ಯಾಪ್‌ಟಾಪ್ ಹಚ್ಚಿ ತಪ್ಪಿದ ಪಾಠ ತಿದ್ದಿದರು. ಇನ್ನು ಗಾಡಿ ತಾನಾಗಿ ಲಾಕ್ ಆಗುವುದಿಲ್ಲ ಎಂದು ಅತ್ತೆಗೆ ಮೂರು ಹೊತ್ತೂ ಭರವಸೆ ಕೊಟ್ಟರು. ಅತ್ತೆ ಕೇಳಿಸಿಕೊಂಡು, ಭಾನುವಾರಕ್ಕೆ ಇನ್ನೊಂದು ಡಬ್ಬ ಉಂಡೆ ಕಟ್ಟಿಸಿದರು.

ಮುಂದಿನ ಭಾನುವಾರ ಕಾರು ಮಣಿಕೊಂಡದಲ್ಲಿ ನಿಂತಿತು. ನಮ್ಮವರು ಜೇಬಿನಲ್ಲಿ ಎರಡನೆಯ ಕೀಲಿ ಇಟ್ಟುಕೊಂಡು ಇಳಿದು, ಎಲ್ಲರೆದುರು ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ತೋರಿಸಿದರು. ಕೊನೆಗೆ ಅತ್ತೆಯ ಮಗ್ಗುಲಿನ ಬಾಗಿಲನ್ನು ಪೂರ್ತಿ ತೆರೆದು ಕೈ ಚಾಚಿದರು.

"ಇಳಿ ಅವ್ವಾ."

ಅತ್ತೆ ತೆರೆದ ಬಾಗಿಲನ್ನು ನೋಡಿದರು. ಅದರಾಚೆ ನಿಂತಿದ್ದ ನನ್ನನ್ನೂ ನೋಡಿದರು. ಕಾಲು ಇನ್ನಷ್ಟು ಒಳಗೆ ಎಳೆದುಕೊಂಡು ನಿಟ್ಟುಸಿರು ಬಿಟ್ಟರು.

"ಹೆಂಗ ಇಳೀಲೋ ಯಪ್ಪಾ? ಬಾಗಲಾ ತೆರೀವಲ್ದು."

ಆ ಕಡೆಯಿಂದ ಚಿಗವ್ವ ಆಗಲೇ ಹತ್ತಿ ಕೂತಿದ್ದರು. ಕಿವಿ ಕೇಳದ ಆ ಜೀವಕ್ಕೆ ಈ ಮಾತು ಹೇಗೆ ಕೇಳಿಸಿತೋ ದೇವರೇ ಬಲ್ಲ. ಅಕ್ಕನ ಮೇಲಿಂದ ಬಾಗಿ, ಕೈ ಉದ್ದ ಮಾಡಿ, ನಮ್ಮವರ ಕೈಯಿಂದ ಬಾಗಿಲನ್ನು ಕಿತ್ತುಕೊಂಡು ಎಳೆದು ಮುಚ್ಚಿ, ಗುಬ್ಬಿಯನ್ನು ತಾವೇ ಒತ್ತಿದರು. "ಹೌದೋ, ತೆರೀವಲ್ದು," ಎಂದು ಗಾಜಿನ ಹಿಂದೆ ಅವರ ತುಟಿ ಆಡಿದ್ದು ನನಗೆ ಕಂಡಿತು.

ನಮ್ಮವರು ಕಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕಾವಲು ಕೂತರು. ನಾವು ಸೊಸೆಯರಿಬ್ಬರೂ ಮೇಲೆ ಹೋಗಿ, ಚಹಾ ಮಾಡಿಕೊಂಡು, ಬಾಗಿಲು ಹಾಕಿಕೊಂಡೆವು. ನಮಗೂ ಮಾತಾಡುವುದು ಬಹಳ ಇತ್ತು.